ಸುರುಳಿಯ ಮೂರನೆಯ ಗೆರೆ

ಆ ಹಾಸ್ಟೆಲ್ಲಿನಲ್ಲಿ ಮೂವತ್ತೆರಡು ತಲೆಗಳಿದ್ದವು. ಮೂವತ್ತೊಂದು ತಲೆಗಳಿಗೆ ಹತ್ತು ನಿಮಿಷದ ಸ್ನಾನ ಸಾಕಾಗುತ್ತಿತ್ತು. ಉಳಿದ ಒಂದು ತಲೆಯ ಕಥೆ ಇದು.

ಆ ತಲೆಯ ಒಡತಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹಾಜರಿ ಕೂಗುವ ಮೇಷ್ಟರನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಕಾಲೇಜಿಗೆ ಬಂದ ಮೊದಲ ದಿನವೇ ಯಾರೋ ‘ಸುರುಳಿ’ ಎಂದರು, ಹೆಸರು ಅಲ್ಲೇ ಅಂಟಿಕೊಂಡಿತು. ಕೂದಲು ಅಂದರೆ ಅಂಥಿಂಥ ಕೂದಲಲ್ಲ. ಬರೆಯುತ್ತ ಕೂತವಳು ಪೆನ್ನನ್ನು ತಲೆಗೆ ಸಿಕ್ಕಿಸಿಕೊಂಡು ಮರೆತರೆ, ಆ ಪೆನ್ನು ಮುಂದಿನ ಭಾನುವಾರ ಸ್ನಾನದ ಹೊತ್ತಿಗೇ ಕೈಗೆ ಸಿಗುತ್ತಿತ್ತು. ತರಗತಿಯಲ್ಲಿ ಅವಳ ಹಿಂದಿನ ಬೆಂಚಿಗೆ ಯಾವಾಗಲೂ ಪೈಪೋಟಿ. ಅಲ್ಲಿ ಕೂತು ನಿದ್ದೆ ಹೊಡೆದರೆ ಮೇಷ್ಟರಿಗೆ ಕಾಣುತ್ತಿರಲಿಲ್ಲ.

ಅಜ್ಜಿಗೂ ಹೀಗೇ ಇತ್ತಂತೆ. ಚಿಕ್ಕವಳಿದ್ದಾಗ ಸಿಕ್ಕು ಬಿಡಿಸುವಾಗೆಲ್ಲ ಸುರುಳಿ ಅತ್ತರೆ, ಅಜ್ಜಿ ಒಂದು ಕಥೆ ಹೇಳುತ್ತಿದ್ದಳು.

“ದೇವರು ಕೂತ್ಕೊಂಡು ಎಲ್ಲರ ಕೂದಲನ್ನೂ ನೂಲಿನ ಹಾಗೆ ನೆಟ್ಟಗೆ ಎಳೀತಾ ಇದ್ದನಂತೆ, ಪುಟ್ಟಿ. ನಮ್ಮ ಸರದಿ ಬರೋ ಹೊತ್ತಿಗೆ ಯಾರೋ ಕಷ್ಟ ಹೇಳ್ಕೊಳ್ಳೋಕೆ ಬಂದ್ರು. ಅವರ ಮಾತು ಕೇಳ್ತಾ ಕೇಳ್ತಾ ದೇವರು ಕೈಲಿದ್ದ ಎಳೆಗಳನ್ನ ಸುಮ್ಮನೆ ಬೆರಳಿಗೆ ಸುತ್ಕೊಂಡುಬಿಟ್ಟ. ಅವರ ಕಷ್ಟ ಬಹಳ ಉದ್ದ ಇತ್ತು. ಅಷ್ಟೇ ನೋಡು.”

“ಆಮೇಲಾದ್ರೂ ಬಿಚ್ಚಬಹುದಿತ್ತಲ್ಲ?”

“ದೇವರು ಸುತ್ತಿದ್ದನ್ನ ದೇವರೂ ಬಿಚ್ಚಲ್ಲ. ಅವಸರ ಮಾಡದೆ ನೋಡ್ಕೋ, ಅಷ್ಟೇ ಅವನು ಕೇಳೋದು.”

ಈಗ ಅಜ್ಜಿಯ ತಲೆ ಬೋಳಾಗುತ್ತ ಬಂದಿತ್ತು. ಫೋನಿನಲ್ಲಿ ನಗುತ್ತಿದ್ದಳು: “ನನ್ನ ಹತ್ರ ಕಥೆ ಮಾತ್ರ ಉಳೀತು. ಕೂದಲು ನಿನ್ನ ಹತ್ರ ಇದೆ. ಜೋಪಾನ.”

ಜೋಪಾನ ಮಾಡುವುದೇನೋ ಸುರುಳಿಗೆ ಗೊತ್ತಿತ್ತು. ಕ್ರಮ ತಪ್ಪಿದರೆ ಫಲವಿಲ್ಲದಂಥ ಸೇವೆ ಅದು. ಒಣಗಿದಾಗ ಬಾಚಣಿಗೆ ತಾಗಿಸಬಾರದು. ತಾಗಿಸಿದರೆ ಸುರುಳಿಗಳೆಲ್ಲ ಬಿಚ್ಚಿಕೊಂಡು ತಲೆ ಹತ್ತಿಯ ಮೂಟೆಯಾಗುತ್ತದೆ. ಶಾಂಪೂ ಬುಡಕ್ಕೆ ಮಾತ್ರ. ಆಮೇಲೆ ಕಂಡೀಷನರ್ ಮೆತ್ತಿ, ಕೂದಲು ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಸಿಕ್ಕೂ ಕೆಳಗೆ ಬಂದು ಸಭೆ ಸೇರುತ್ತದೆ. ಟವೆಲ್ಲಿನಿಂದ ಉಜ್ಜುವುದೂ ಕೂಡದು, ಹಳೆಯ ಹತ್ತಿಯ ಟೀ ಶರ್ಟಿನಲ್ಲಿ ಮೆಲ್ಲಗೆ ಒತ್ತಬೇಕು. ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಜೆಲ್ ಹಚ್ಚಿ, ಕೆಳಗಿನಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಸುಕಿ ಹಿಸುಕಿ ಬಿಡಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಒಣಗುವ ತನಕ ಕೈಯಿಡದೆ ಸುಮ್ಮನಿರಬೇಕು.

ಬಚ್ಚಲಿನ ಕೆಲಸವೇ ನಲವತ್ತು ನಿಮಿಷ. ಹಾಸ್ಟೆಲ್ಲಿನಲ್ಲಿ ಒಬ್ಬರಿಗೆ ಹತ್ತು.

ಹತ್ತು ನಿಮಿಷದ ಲೆಕ್ಕ ಇಡುವವರು ವಾರ್ಡನ್ ಮೇಡಂ. ಹುಡುಗಿಯರು ಬೆನ್ನ ಹಿಂದೆ ‘ಗಡಿಯಾರಮ್ಮ’ ಎನ್ನುತ್ತಿದ್ದರು. ಕೈಯಲ್ಲಿ ಕೀಲಿಗೊಂಚಲು, ಎದೆಗವಚಿಕೊಂಡ ನೀಲಿ ರಟ್ಟಿನ ಪುಸ್ತಕ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಚಿಕ್ಕದು, ತಲೆಗಳು ಹೆಚ್ಚು. ಹಾಗಾಗಿ ಎಂಟು ನಿಮಿಷಕ್ಕೆ ಕೀಲಿಗೊಂಚಲಿನಿಂದ ಬಾಗಿಲಿಗೆ ಒಂದು ಸಲ ಬಡಿತ, ಹತ್ತಕ್ಕೆ ಮೂರು ಸಲ. ಹನ್ನೊಂದಾದರೆ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಗೆರೆ. ಮೂರು ಗೆರೆಯಾದರೆ ಕೋಣೆ ಖಾಲಿ. ಆ ಪುಸ್ತಕಕ್ಕೆ ದಯೆ ದಾಕ್ಷಿಣ್ಯ ಇರಲಿಲ್ಲ. ಹಿಂದೊಮ್ಮೆ ಮೇಡಂ ತಮ್ಮ ಸ್ವಂತ ತಂಗಿಯ ಮಗಳಿಗೂ ಗೆರೆ ಎಳೆದು, ಆ ಸಿಟ್ಟಿಗೆ ತಂಗಿ ಎರಡು ವರ್ಷ ಮಾತು ಬಿಟ್ಟಿದ್ದಳಂತೆ. “ಗೆರೆ ಅಂದ್ರೆ ಗೆರೆ. ಅದಕ್ಕೆ ನೆಂಟರು ಇಷ್ಟರು ಗೊತ್ತಾಗಲ್ಲ” ಎನ್ನುವುದು ಮೇಡಂ ಮಾತು.

ಆದರೆ ಹುಡುಗಿಯರಿಗೆ ಒಂದು ಗುಟ್ಟು ಗೊತ್ತಿತ್ತು. ಬೆಳಗಿನ ಹೊತ್ತು ಮೇಡಂ ತಮ್ಮ ಕೋಣೆಯ ಪಾಯಖಾನೆಗೆ ಹೋದರೆ ಹೊರಗೆ ಬರಲು ಮುಕ್ಕಾಲು ಗಂಟೆ. ಬರುವಾಗ ಮುಖ ಹಿಂಡಿದ ಬಟ್ಟೆಯ ಹಾಗೆ. ಆ ಮುಖ ಹೊತ್ತುಕೊಂಡೇ ಕೀಲಿಗೊಂಚಲು ಹಿಡಿಯುತ್ತಿದ್ದುದರಿಂದ ಬಡಿತ ಅಷ್ಟು ಜೋರಾಗಿರುತ್ತಿತ್ತು ಎಂದು ಬಲ್ಲವರು ಹೇಳುತ್ತಿದ್ದರು.

ಸುರುಳಿಗೆ ಆಗಲೇ ಎರಡು ಗೆರೆ ಬಿದ್ದಿತ್ತು. ಅವಳ ಮನೆ ಬಸ್ಸಿನಲ್ಲಿ ಎಂಟು ಗಂಟೆಯ ದಾರಿ. ಹೊರಗೆ ಬಾಡಿಗೆ ಕೋಣೆ ಹಿಡಿಯುವ ಶಕ್ತಿ ಇರಲಿಲ್ಲ. “ಹಾಸ್ಟೆಲ್ ಇರೋ ತನಕ ಓದು. ಇಲ್ಲ ಅಂದ್ರೆ ಮನೇಗೆ ಬಂದ್ಬಿಡು” ಎಂದು ಅಪ್ಪ ಮೊದಲೇ ಹೇಳಿದ್ದ. ಇನ್ನೊಂದು ಗೆರೆ ಬಿದ್ದರೆ ಓದು ಅಲ್ಲಿಗೆ ಮುಗಿದಂತೆ.

ಅವಳ ಜೊತೆ ಕೋಣೆಯಲ್ಲಿದ್ದವಳು ದಪ್ಪ ಕನ್ನಡಕದ ಹುಡುಗಿ. ‘ಸೋಡಾಬುಡ್ಡಿ’ ಅಂತ ಕರೆದರೂ ಬೇಜಾರಿಲ್ಲ, ಬರೀ ‘ಬುಡ್ಡಿ’ ಅಂದರೂ ಬೇಜಾರಿಲ್ಲ. ಅವಳ ಕೂದಲು ಮೂರು ಬೆರಳಗಲ, ನೆಟ್ಟಗೆ.

“ಕತ್ತರಿ ನನ್ನ ಹತ್ರ ಇದೆ ಕಣೇ. ಹತ್ತು ನಿಮಿಷದ ತಲೆ ಮಾಡಿಕೊಡ್ತೀನಿ” ಎಂದಳು ಬುಡ್ಡಿ.

“ಅದು ಚಾರ್ಟ್ ಪೇಪರ್ ಕತ್ತರಿಸೋ ಕತ್ತರಿ.”

“ನಿನ್ನ ಕೂದಲಿಗೆ ಅದೇ ಸರಿ. ತೋಟದ ಬೇಲಿ ಕತ್ತರಿಸೋದು ಇದ್ರೆ ಇನ್ನೂ ಸರಿ.”

ಸುರುಳಿ ನಕ್ಕಳು. ಆದರೆ ಬುಡ್ಡಿ ಕತ್ತರಿಯನ್ನು ಡ್ರಾಯರಿಗೆ ಹಾಕಿದ ಮೇಲೂ ಅವಳ ಕಣ್ಣು ಆ ಡ್ರಾಯರಿನ ಮೇಲೇ ಇತ್ತು. ಒಂದು ಕಡೆ ಓದು, ಒಂದು ಕಡೆ ಅಜ್ಜಿ ಕಾಪಾಡಿಕೋ ಎಂದ ಕೂದಲು. ಎರಡು ದೋಣಿಯ ಮೇಲೆ ಕಾಲಿಟ್ಟವರ ಪಾಡು.

ಅಂಗಡಿಯ ಜೆಲ್ ದುಬಾರಿ. ಹಾಗಾಗಿ ಸುರುಳಿ ಜೆಲ್ಲನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಶನಿವಾರ ಸಂಜೆ ಅಡುಗೆಯಾಕೆ ಒಲೆ ಬಿಟ್ಟುಕೊಟ್ಟರೆ, ಅಗಸೆ ಬೀಜವನ್ನು ನೀರಿನಲ್ಲಿ ಕುದಿಸುವುದು. ನೀರು ಮೊಟ್ಟೆಯ ಬಿಳಿಯ ಹಾಗೆ ಲೋಳೆಯಾದ ಕೂಡಲೆ ಇಳಿಸಿ ಬಿಸಿಯಲ್ಲೇ ಸೋಸುವುದು. ಆ ಲೋಳೆ ಜರಡಿಗೆ ಬಗ್ಗುವುದಿಲ್ಲ. ಅದಕ್ಕೆ ಒಂದು ತೆಳು ಕಾಲ್ಚೀಲ ಇಟ್ಟುಕೊಂಡಿದ್ದಳು. ಸೋಸಿದ್ದನ್ನು ಬಾಟಲಿಗೆ ತುಂಬಿ ಊಟದ ಮನೆಯ ಮೂಲೆಯಲ್ಲಿದ್ದ ಫ್ರಿಜ್ಜಿನಲ್ಲಿ ಇಡುವುದು.

ಫ್ರಿಜ್ಜಿಗೂ ನಿಯಮವಿತ್ತು. ತಿನ್ನುವ ಪದಾರ್ಥ ಮತ್ತು ಔಷಧಿ ಬಿಟ್ಟು ಬೇರೇನೂ ಇಡಕೂಡದು. ಯಾರೋ ಉಗುರುಬಣ್ಣ ಇಟ್ಟು ಅದು ಹಾಲಿಗೆ ಸೋರಿದ ಮೇಲೆ ಬಂದ ನಿಯಮ. ಮೂರು ವಾರದ ಹಿಂದೆ ಮೇಡಂ ತಪಾಸಣೆಗೆ ಬಂದಾಗ ಅಲ್ಲಿ ನಿಂತಿದ್ದವಳು ಬುಡ್ಡಿ ಒಬ್ಬಳೇ.

“ಇದೇನಿದು, ಬಾಟಲಿ?”

“ಔಷಧಿ, ಮೇಡಂ.” ಬುಡ್ಡಿಯ ನಾಲಿಗೆ ಯಾವಾಗಲೂ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ. “ಸುರುಳೀದು.”

“ಯಾತಕ್ಕೆ?”

“ಹೊಟ್ಟೆಗೆ. ಬೆಳಗ್ಗೆ ಎರಡು ಚಮಚ ತಗೊಂಡ್ರೆ... ಸಲೀಸಾಗುತ್ತೆ.”

ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇದ್ದ ಜಾಗದಲ್ಲೇ ಇಟ್ಟು ಬಾಗಿಲು ಮುಚ್ಚಿದರು. ಗೆಳತಿಯನ್ನು ಕಾಪಾಡಿದೆ ಎಂದು ಬುಡ್ಡಿ ಬೀಗುತ್ತ ಬಂದು ಹೇಳಿದಳು. ಸುರುಳಿ ಕೈ ಮುಗಿದಳು. ಇಬ್ಬರೂ ಅದನ್ನು ಮರೆತರು.

ಮಾರನೆಯ ದಿನದಿಂದಲೇ ಹಾಸ್ಟೆಲ್ಲಿನಲ್ಲಿ ಎರಡು ವಿಚಿತ್ರ ನಡೆಯತೊಡಗಿದವು. ಮೊದಲನೆಯದು, ಮೇಡಂ ಬೆಳಿಗ್ಗೆ ಗುನುಗತೊಡಗಿದರು. ಒಂದು ದಿನ ಬಚ್ಚಲಿನ ಬಾಗಿಲನ್ನು ಕೀಲಿಗೊಂಚಲಿನ ಬದಲು ಬೆರಳಿನಿಂದ ತಟ್ಟಿದರು. ಒಳಗಿದ್ದವಳು ಯಾರೋ ಬೇರೆಯವರು ಅಂದುಕೊಂಡು “ಹೋಗೇ, ಬರ್ತೀನಿ” ಎಂದುಬಿಟ್ಟು, ಆಮೇಲೆ ದಿನವಿಡೀ ನಡುಗಿದಳು. ಎರಡನೆಯದು, ಸುರುಳಿಯ ಜೆಲ್ ಇಳಿಯತೊಡಗಿತು. ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಗುರುತು ಮಾಡಿಟ್ಟರೆ, ಎರಡು ದಿನ ಬಿಟ್ಟು ನೋಡುವಷ್ಟರಲ್ಲಿ ಜೆಲ್ ರಬ್ಬರಿಗಿಂತ ಎರಡು ಬೆರಳು ಕೆಳಗೆ.

“ನೀನೇನಾದ್ರೂ ಹಚ್ಕೊಳ್ತಿದೀಯಾ?”

“ಎಲ್ಲಿಗೆ?” ಬುಡ್ಡಿ ತನ್ನ ಮೂರು ಬೆರಳ ಕೂದಲನ್ನು ಎತ್ತಿ ತೋರಿಸಿದಳು. “ಆ ವಾಸನೆಗೆ ನಾನು ಫ್ರಿಜ್ ಹತ್ರ ಹೋಗಲ್ಲ ಮಾರಾಯ್ತಿ. ಹಕ್ಕಿಗೆ ಹಾಕೋ ಕಾಳು ನೆನೆದ ಹಾಗೆ ಇದೆ. ಭಾನುವಾರ ನಿನ್ನ ತಲೆಗೆ ಗುಬ್ಬಚ್ಚಿ ಬಂದು ಕೂರೋದೊಂದು ಬಾಕಿ.”

ಆ ಮಾತು ಸುರುಳಿಗೆ ನಾಟಿತು. ಶನಿವಾರ ಪೇಟೆಗೆ ಹೋದವಳು ಸುಗಂಧದ ಎಣ್ಣೆಯ ಚಿಕ್ಕ ಶೀಶೆ ತಂದಳು. ಸಂಜೆ ಹೊಸ ಜೆಲ್ ಕುದಿಸಿ, ಸೋಸಿ, ಆರಿದ ಮೇಲೆ ಹತ್ತು ಹನಿ ಹಾಕಿ ಕಲಕಿದಳು. ಶೀಶೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಮೈಮೇಲೆ ಮಾತ್ರ, ಹೊಟ್ಟೆಗೆ ಸೇರಿದರೆ ಕೂಡಲೇ ವೈದ್ಯರನ್ನು ಕಾಣಿ. ಓದಿದಳು. ಜೆಲ್ ಕುಡಿಯುವವರು ಯಾರು ಎಂದು ನಕ್ಕು ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿದಳು.

ಭಾನುವಾರದ ಸ್ನಾನಕ್ಕೆ ಬುಡ್ಡಿ ಒಂದು ಉಪಾಯ ಹೇಳಿದ್ದಳು. “ಐದು ಗಂಟೆಗೇ ಎದ್ದು ಮುಗಿಸಿಬಿಡು. ಸ್ನಾನದ ಗಂಟೆ ಹೊಡೆಯೋದು ಆರಕ್ಕೆ. ಗಡಿಯಾರಮ್ಮ ಐದೂಮುಕ್ಕಾಲಿಗಿಂತ ಮುಂಚೆ ಹೊರಗೆ ಬಂದದ್ದು ಯಾರೂ ನೋಡಿಲ್ಲ.” ಗಂಟೆಗೆ ಮುಂಚೆ ನೀರು ಬಿಡುವುದೂ ಗೆರೆಯ ತಪ್ಪೇ. ಆದರೆ ಬಾಗಿಲು ಬಡಿಯುವವರಿಲ್ಲದ ಹೊತ್ತು ಅದೊಂದೇ.

ಸುರುಳಿ ಐದಕ್ಕೆ ಎದ್ದಳು. ನಲ್ಲಿಯ ಸದ್ದಾಗದಂತೆ ಬಕೆಟ್ಟಿನಲ್ಲಿ ಬಟ್ಟೆ ಹಾಸಿ ನೀರು ತುಂಬಿದಳು. ತೊಳೆದಳು, ಸಿಕ್ಕು ಬಿಡಿಸಿದಳು. ಎಷ್ಟೋ ತಿಂಗಳ ಮೇಲೆ ಅವಸರವಿಲ್ಲದ ಸ್ನಾನ. ಬೆರಳಿಗೆ ಒಂದೊಂದೇ ಎಳೆ ಸುತ್ತುತ್ತ, ದೇವರೂ ಹೀಗೇ ಕೂತಿದ್ದನೇನೋ ಅನ್ನಿಸಿತು. ಆಮೇಲೆ, ತೊಟ್ಟಿಕ್ಕುವ ತಲೆಗೆ ಹಳೇ ಟೀ ಶರ್ಟು ಸುತ್ತಿಕೊಂಡು ಜೆಲ್ ತರಲು ಊಟದ ಮನೆಗೆ ಹೆಜ್ಜೆ ಸದ್ದಾಗದಂತೆ ಬಂದಳು.

ಝಣ್ ಎಂದಿತು ಕೀಲಿಗೊಂಚಲು.

ಸುರುಳಿ ಬಾಗಿಲ ಹಿಂದೆ ಸರಿದಳು. ಸಂದಿಯಿಂದ ಕಾಣುತ್ತಿತ್ತು. ಮೇಡಂ ಬಂದರು, ಸುತ್ತ ನೋಡಿದರು, ಫ್ರಿಜ್ಜಿನ ಬಾಗಿಲು ತೆಗೆದರು. ಹಾಲಿನ ಪಾತ್ರೆಯ ಹಿಂದಿನಿಂದ ಸುರುಳಿಯ ಬಾಟಲಿ ಹೊರಗೆ ಬಂತು. ಸೆರಗಿನಿಂದ ಒಂದು ಚಮಚ ಹೊರಗೆ ಬಂತು.

ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಮೇಡಂ ಎರಡು ಚಮಚದಷ್ಟನ್ನು ಲೋಟಕ್ಕೆ ಸುರಿದುಕೊಂಡು, ನೀರು ಬೆರೆಸಿ, ಕಣ್ಣು ಮುಚ್ಚಿ ಮೆಲ್ಲಗೆ ಹೇಳಿದರು: “ದೇವರೇ, ಇವತ್ತೂ ನಡೆಸಿಕೊಡಪ್ಪ.” ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತಾರೆ, ಪ್ರಾರ್ಥನೆ ಮಾಡಿ ಕುಡಿಯುವ ಬೆಕ್ಕನ್ನು ಸುರುಳಿ ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ನಗು ತಡೆಯಲು ಟೀ ಶರ್ಟನ್ನು ಬಾಯಿಗೆ ತುರುಕಿಕೊಳ್ಳಬೇಕಾಗುತ್ತಿತ್ತು. ಇವತ್ತು ಆ ಕೆಂಪಕ್ಷರಗಳು ಕಣ್ಣ ಮುಂದೆ ಬಂದವು. ಹೊಟ್ಟೆಗೆ ಸೇರಿದರೆ.

ಸುಮ್ಮನಿದ್ದರೆ ಮೇಡಂ ಕುಡಿದು ಹೊರಟುಹೋಗುತ್ತಾರೆ, ಮೂರನೆಯ ಗೆರೆ ಬೀಳುವುದಿಲ್ಲ. ಹೊರಗೆ ಬಂದರೆ ತೊಟ್ಟಿಕ್ಕುವ ತಲೆಯೇ ಸಾಕ್ಷಿ. ಯೋಚಿಸಲು ಸಿಕ್ಕ ಹೊತ್ತು ಲೋಟ ತುಟಿಗೆ ಹೋಗುವಷ್ಟು.

“ಮೇಡಂ, ಬೇಡಿ! ಕುಡೀಬೇಡಿ!”

ಲೋಟ ಅಲ್ಲೇ ನಿಂತಿತು. ಕಣ್ಣು ತೆರೆಯಿತು. ಇಬ್ಬರು ಕಳ್ಳರು ಒಬ್ಬರ ಮುಖ ಒಬ್ಬರು ನೋಡಿದರು. ಸುರುಳಿಯ ಕೂದಲಿನಿಂದ ನೆಲಕ್ಕೆ ಹನಿ ಬೀಳುತ್ತಿತ್ತು, ಟಪ್ ಟಪ್.

“ಅದು... ಕೆಟ್ಟುಹೋಗಿದೆ, ಮೇಡಂ” ಎಂದಳು ಸುರುಳಿ.

ಮೇಡಂ ಲೋಟವನ್ನು ಮೂಗಿಗೆ ಹಿಡಿದರು. “ಕೆಟ್ಟದ್ದು ಇಷ್ಟು ಘಮಘಮ ಅನ್ನುತ್ತಾ? ನಾನೇ ಅಂದ್ಕೊಂಡೆ, ಇವತ್ತು ಒಳ್ಳೇದಾಗಿ ಮಾಡಿದಾಳೆ ಹುಡುಗಿ ಅಂತ.”

ಇನ್ನು ಸುಳ್ಳಿನ ದಾರಿ ಮುಂದಕ್ಕೆ ಹೋಗುವಂತಿರಲಿಲ್ಲ. ಸುರುಳಿ ಉಸಿರೆಳೆದುಕೊಂಡಳು. “ಅದು ಔಷಧಿ ಅಲ್ಲ, ಮೇಡಂ. ತಲೆಗೆ ಹಚ್ಚೋದು. ನಿನ್ನೆ ಅದಕ್ಕೆ ಸುಗಂಧದ ಎಣ್ಣೆ ಹಾಕಿದೀನಿ. ಹೊಟ್ಟೆಗೆ ಹೋಗಬಾರದು.”

“ತಲೆಗೆ.”

“ಹೂಂ.”

“ಹಾಗಾದ್ರೆ ಮೂರು ವಾರದಿಂದ ನಾನು ಕುಡೀತಾ ಇರೋದು?”

“ಅದು ಬರೀ ಅಗಸೆ ಬೀಜದ ಲೋಳೆ. ಅದರಲ್ಲಿ ಏನೂ ದೋಷ ಇರಲಿಲ್ಲ, ಮೇಡಂ.”

ಮೇಡಂ ಮುಖದಲ್ಲಿ ಒಂದಿಷ್ಟು ಬಣ್ಣ ಹೋಗಿ ಒಂದಿಷ್ಟು ಬಣ್ಣ ಬಂತು. “ಶುಚಿಯಾಗಿ ಮಾಡ್ತೀಯಲ್ಲ? ಸೋಸ್ತೀಯಲ್ಲ?”

“ಸೋಸ್ತೀನಿ.”

“ಯಾತರಲ್ಲಿ?”

ಸುರುಳಿ ನೆಲ ನೋಡಿದಳು. “ಕಾಲ್ಚೀಲದಲ್ಲಿ.”

“ಹೊಸದಾ?”

“ಮೊದಲನೇ ಸಲ ಹೊಸದಿತ್ತು, ಮೇಡಂ. ಸೋಸೋಕೆ ಬಿಟ್ಟು ಯಾರೂ ಹಾಕ್ಕೊಂಡಿಲ್ಲ, ದೇವರಾಣೆ.”

ಮೇಡಂ ಊಟದ ಬೆಂಚಿನ ಮೇಲೆ ಕೂತರು. ಲೋಟವನ್ನು ದೂರಕ್ಕೆ ತಳ್ಳಿದರು. ಕೀಲಿಗೊಂಚಲನ್ನು ಪಕ್ಕದಲ್ಲಿಟ್ಟರು, ಅದರ ಪಕ್ಕ ನೀಲಿ ಪುಸ್ತಕ. ಪುಸ್ತಕ ಕಂಡದ್ದೇ ಸುರುಳಿಗೆ ಊರು ನೆನಪಾಯಿತು. ಎಂಟು ಗಂಟೆಯ ಬಸ್ಸಿನ ದಾರಿ, ಅಪ್ಪನ ಮುಖ, ಅರ್ಧ ಓದಿದ ಪುಸ್ತಕಗಳ ಗಂಟು.

“ಗಂಟೆಗೆ ಮುಂಚೆ ನೀರು ಬಿಟ್ಟಿದೀಯ.”

“ಹೌದು ಮೇಡಂ. ಬರೀರಿ.”

“ಬಾಗಿಲ ಹಿಂದೆ ನಿಂತಿದ್ದೆ. ಅಲ್ಲೇ ಇರಬಹುದಿತ್ತು. ಯಾಕೆ ಬಂದೆ?”

“ನೀವು ಕುಡೀತಾ ಇದ್ರಲ್ಲ” ಎಂದಳು ಸುರುಳಿ.

ಮೇಡಂ ಪೆನ್ನಿಗಾಗಿ ತಡಕಾಡಿದರು, ಸಿಗಲಿಲ್ಲ. ಸುರುಳಿ ಯೋಚಿಸದೆ ತಲೆಗೆ ಕೈಹಾಕಿದಳು. ಹಾಗೆ ಅಭ್ಯಾಸ. ಇವತ್ತು ಅಲ್ಲಿ ಏನೂ ಇರಲಿಲ್ಲ. ಮೇಡಂ ಅದನ್ನು ನೋಡಿ ತುಟಿ ಕಚ್ಚಿದರು. ಅದು ನಗುವೋ ಸಿಟ್ಟೋ ತಿಳಿಯುವಂತಿರಲಿಲ್ಲ. ಕೊನೆಗೆ ಪೆನ್ನು ಪುಸ್ತಕದ ಬೆನ್ನಿನಲ್ಲೇ ಸಿಕ್ಕಿತು.

“ಸ್ನಾನಕ್ಕೆ ಎಷ್ಟು ಹೊತ್ತಾಯ್ತು ಇವತ್ತು? ನಿಜ ಹೇಳು.”

“ನಲವತ್ತು ನಿಮಿಷ.”

“ನಲವತ್ತು ನಿಮಿಷ! ಟ್ಯಾಂಕು ಖಾಲಿ ಮಾಡಿದ್ಯಾ?”

“ಇಲ್ಲ ಮೇಡಂ. ನೀರು ಎರಡೇ ಬಕೆಟ್. ಉಳಿದ ಹೊತ್ತೆಲ್ಲ ಸಿಕ್ಕು ಬಿಡಿಸೋದು. ಆವಾಗ ನಲ್ಲಿ ಬಂದ್ ಇರುತ್ತೆ.”

“ಎರಡು ಬಕೆಟ್ಟಾ?” ಮೇಡಂ ಪೆನ್ನು ಹಿಡಿದ ಕೈ ನಿಂತಿತು. “ಮತ್ತೆ ನಿನ್ನ ಕೋಣೆಯ ಕನ್ನಡಕದವಳು ಹತ್ತು ನಿಮಿಷದಲ್ಲಿ ಎಷ್ಟು ಸುರಿದುಕೊಳ್ತಾಳೆ?”

ಗೆಳತಿಯ ಮೇಲೆ ಚಾಡಿ ಹೇಳುವವಳಲ್ಲ ಸುರುಳಿ. ಆದರೆ ಬುಡ್ಡಿ ಸ್ನಾನಕ್ಕಿಳಿದರೆ ಮಾಳಿಗೆಯ ಕೊಳವೆಯೇ ನರಳುತ್ತಿತ್ತು, ಅದು ಇಡೀ ಹಾಸ್ಟೆಲ್ಲಿಗೆ ಕೇಳುತ್ತಿತ್ತು. ಮೇಡಂಗೂ ಕೇಳಿಸಿತ್ತು ಎಂದು ಕಾಣುತ್ತದೆ.

ಕಿಟಕಿಯ ಹೊರಗೆ ಬೆಳಕು ಹರಿಯುತ್ತಿತ್ತು. ಮೇಡಂ ಸುರುಳಿಯ ಕಡೆ ನೋಡದೆ, ಪುಸ್ತಕಕ್ಕೆ ಹೇಳುವವರಂತೆ ಹೇಳಿದರು.

“ಇಪ್ಪತ್ತು ವರ್ಷ, ದಿನಾ ಬೆಳಗ್ಗೆ ಮುಕ್ಕಾಲು ಗಂಟೆ. ಆ ಬಾಗಿಲನ್ನ ಯಾರಾದ್ರೂ ಹತ್ತನೇ ನಿಮಿಷಕ್ಕೆ ಬಡಿದಿದ್ರೆ ನಾನು ಏನು ಮಾಡಬೇಕಿತ್ತು? ಒಬ್ಬೊಬ್ಬರ ಶರೀರಕ್ಕೆ ದೇವರು ಒಂದೊಂದು ಗಡಿಯಾರ ಇಟ್ಟಿರ್ತಾನೆ.” ಅಷ್ಟು ಹೇಳಿ ತಟಕ್ಕನೆ ತಲೆಯೆತ್ತಿದರು. “ನೀವೆಲ್ಲ ನನ್ನ ಗಡಿಯಾರಮ್ಮ ಅಂತೀರ, ಗೊತ್ತು ನನಗೆ.”

“ನಾನು ಅನ್ನಲ್ಲ, ಮೇಡಂ.”

“ಇವತ್ತು ಎರಡನೇ ಸುಳ್ಳು ಇದು.”

ಸುರುಳಿ ತಲೆ ತಗ್ಗಿಸಿದಳು. ಎರಡು ಹನಿ ಪುಸ್ತಕದ ರಟ್ಟಿನ ಮೇಲೆ ಬಿದ್ದವು. ಮೇಡಂ ಅದನ್ನು ಸೆರಗಿನಿಂದ ಒರೆಸಿ ಪುಟ ತೆಗೆದರು. ಒಂದು ಗೆರೆ ಎಳೆದರು. ಎಳೆದ ಸದ್ದು ಸುರುಳಿಗೆ ಗರಗಸದ ಹಾಗೆ ಕೇಳಿಸಿತು.

“ಓದು” ಎಂದು ಪುಸ್ತಕ ತಿರುಗಿಸಿದರು.

ಸುರುಳಿಯ ಹೆಸರಿನ ಮುಂದೆ ಹಳೆಯ ಎರಡೇ ಗೆರೆ ಇದ್ದವು. ಹೊಸ ಗೆರೆ ಇದ್ದದ್ದು ಪುಟದ ತಳದಲ್ಲಿ, ಮೂವತ್ತೆರಡು ಹೆಸರುಗಳ ಕೆಳಗೆ ಹೊಸದಾಗಿ ಬರೆದ ಮೂವತ್ತಮೂರನೆಯ ಹೆಸರಿನ ಮುಂದೆ. ಅದರ ಪಕ್ಕ ಅಚ್ಚುಕಟ್ಟಾದ ಅಕ್ಷರದಲ್ಲಿ ಕಾರಣ: ‘ವಿದ್ಯಾರ್ಥಿನಿಯ ವಸ್ತುವನ್ನು ಕೇಳದೆ ತೆಗೆದದ್ದು. ಮೂರು ವಾರ. ವಾರ್ಡನ್.’

“ಮೇಡಂ, ಇದು...”

“ಗೆರೆ ಅಂದ್ರೆ ಗೆರೆ. ಅದಕ್ಕೆ ನಾನೂ ನೆಂಟಳಲ್ಲ.” ಮೇಡಂ ಪುಸ್ತಕ ಮುಚ್ಚಿದರು. “ನೀನು ಗಂಟೆಗೆ ಮುಂಚೆ ನೀರು ಬಿಟ್ಟದ್ದನ್ನ ನಾನು ಕಂಡದ್ದು ನಾನು ಕದಿಯೋಕೆ ಬಂದ ಹೊತ್ತಲ್ಲಿ. ಕಳ್ಳನ ಸಾಕ್ಷಿ ಸಲ್ಲಲ್ಲ. ಆದ್ರೆ ಹಳೇ ಎರಡು ಗೆರೆ ಹಾಗೇ ಇರುತ್ತೆ. ಬರೆದದ್ದು ಬರೆದದ್ದೇ. ಅಳಿಸು ಅಂತ ಕೇಳಬೇಡ.”

“ಕೇಳಲ್ಲ, ಮೇಡಂ.”

“ಮುಂದಿನ ಶನಿವಾರ ಎರಡು ಬಾಟಲಿ ಮಾಡು. ಒಂದಕ್ಕೆ ನಿನ್ನ ಎಣ್ಣೆ ಗಿಣ್ಣೆ ಏನಾದ್ರೂ ಹಾಕ್ಕೋ. ಇನ್ನೊಂದಕ್ಕೆ ಏನೂ ಹಾಕಬೇಡ.” ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿದರು. “ಸೋಸೋಕೆ ನಾನು ಬಟ್ಟೆ ಕೊಡ್ತೀನಿ. ಕಾಲ್ಚೀಲ ಕಾಲಿಗಿರಲಿ.”

ಆ ಸಂಜೆಯೇ ಬಚ್ಚಲಿನ ಬಾಗಿಲ ಮೇಲಿದ್ದ ಹಳೆಯ ಕಾಗದ ಹೋಗಿ ಹೊಸದು ಬಂತು. ‘ಒಬ್ಬರಿಗೆ ಎರಡು ಬಕೆಟ್. ಭಾನುವಾರ ಮಧ್ಯಾಹ್ನ ಸರದಿ ಮುಗಿದ ಮೇಲೆ ನಿಮಿಷದ ಲೆಕ್ಕವಿಲ್ಲ.’ ಅದನ್ನು ಓದಿ ಹಾಸ್ಟೆಲ್ಲಿನಲ್ಲಿ ದೊಡ್ಡದಾಗಿ ಗೋಳಾಡಿದವಳು ಒಬ್ಬಳೇ.

“ಎರಡೇ ಬಕೆಟ್ಟಾ? ಯಾವ ಪುಣ್ಯಾತ್ಮಳು ಹೋಗಿ ಊದಿದ್ದು ಇದನ್ನ?” ಬುಡ್ಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು, ಅಕ್ಷರ ಬದಲಾದೀತೇನೋ ಎಂಬಂತೆ.

“ಹೊಟ್ಟೆ ಔಷಧಿ ಅಂತ ಹೇಳಿದ ಪುಣ್ಯಾತ್ಮಳು” ಎಂದಳು ಸುರುಳಿ. “ಮಾಡಿದ್ದುಣ್ಣೋ ಮಹಾರಾಯ.”

ಮುಂದಿನ ಭಾನುವಾರ ಮಧ್ಯಾಹ್ನ ಸುರುಳಿ ಮಾಳಿಗೆಯ ಮೇಲೆ ಟ್ಯಾಂಕಿನ ಪಕ್ಕ, ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದಳು. ತಲೆಯಿಂದ ಒಳ್ಳೆಯ ಪರಿಮಳ ಬರುತ್ತಿತ್ತು. ಫೋನಿನಲ್ಲಿ ಅಜ್ಜಿ ಎಲ್ಲ ಕೇಳಿ, ನಕ್ಕು ನಕ್ಕು, ಕೆಮ್ಮು ಬಂದು ನಿಲ್ಲಿಸಿದಳು.

“ಅಂತೂ ನಿನ್ನ ತಲೆಯಿಂದ ಒಬ್ಬರ ಹೊಟ್ಟೆ ತಣ್ಣಗಾಯ್ತು. ಈಗ ಏನು ಮಾಡ್ತಾ ಇದೀಯ ಪುಟ್ಟಿ?”

“ಏನೂ ಇಲ್ಲ ಅಜ್ಜಿ. ಒಣಗ್ತಾ ಇದೀನಿ.”

“ಕೈಯಿಡಬೇಡ ಮತ್ತೆ.”

ಸುರುಳಿ ಕೈಯಿಡಲಿಲ್ಲ. ಕೆಳಗಿನಿಂದ ಯಾರೋ ಗುನುಗುವುದು ಕೇಳಿಸಿತು. ನಡುವೆ ಒಂದು ಸಲ ಗುನುಗು ನಿಂತು, ಬಚ್ಚಲಿನ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ ಸದ್ದು, ಮೇಡಂ ದನಿ:

“ಕನ್ನಡಕದವಳೇ, ಎಷ್ಟನೇ ಬಕೆಟ್ಟು ಅದು?”